ಸರ್ವಮಂಗಳಾ ಮೇಡಂ ಇಳಿಸಿದ ಕಾಯಿ

ಸರ್ವಮಂಗಳಾ ಮೇಡಂ ಬೋರ್ಡಿನ ಕಡೆ ತಿರುಗಿ ಬರೆದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಮುಖ ಮಕ್ಕಳ ಕಡೆಗೇ ಇರುತ್ತಿತ್ತು. ಬಲಗೈ ಮಾತ್ರ ಹಿಂದಕ್ಕೆ ಚಾಚಿಕೊಂಡು, ತನಗೇ ಬೇರೆ ಕಣ್ಣಿದೆ ಎನ್ನುವ ಹಾಗೆ ಬರೆಯುತ್ತಾ ಹೋಗುತ್ತಿತ್ತು. ಅಕ್ಷರಗಳು ನೂಲು ಹಿಡಿದಂತೆ ನೇರ. ಮೊದಲ ಸಲ ನೋಡಿದಾಗ ನನಗೆ ಮೆಚ್ಚುಗೆಗಿಂತ ಮುಂಚೆ ಮೈ ಜುಂ ಎಂದಿತು.

ಯಾಕೆ ಹೀಗೆ ಬರೆಯುತ್ತೀರಿ ಎಂದು ಒಮ್ಮೆ ಕೇಳಿದೆ.

"ಮುಂಚೆ ಎಲ್ಲರ ಹಾಗೇ ಬರೀತಿದ್ದೆ. ಒಂದು ದಿನ ಬರೆದು ತಿರುಗಿ ನೋಡಿದ್ರೆ, ಇದ್ದವರಿಗಿಂತ ಒಬ್ಬಳು ಜಾಸ್ತಿ ಕೂತಿದ್ದಳು ಕಣೇ" ಎಂದು ನಕ್ಕರು. ಅದು ತಮಾಷೆಯೋ ಅಲ್ಲವೋ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅವರ ನಗೆಯೇ ಹಾಗೆ. ಬಾಯಿ ನಗುತ್ತಿದ್ದಾಗಲೂ ಕಣ್ಣು ನಮ್ಮ ಹೆಗಲಾಚೆ ಏನನ್ನೋ ನೋಡುತ್ತಿರುತ್ತಿತ್ತು.

ನಾನು ಚಿಕ್ಕನಾಯಕನಹಳ್ಳಿಯವಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಗಣಿತದ ಟೀಚರ್ ಆಗಿ, ದಬ್ಬೇಘಟ್ಟದಿಂದ ಒಳಕ್ಕೆ ಹೋಗುವ ಒಂದು ಹಳ್ಳಿಯ ಹೈಸ್ಕೂಲಿಗೆ ಬಂದೆ. ಊರಿನ ಹೆಸರು ಬೇಡ, ಅಲ್ಲಿಯವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ. ಮದುವೆಯಾಗದ ಹುಡುಗಿಗೆ ಆ ಊರಿನಲ್ಲಿ ಬಾಡಿಗೆಗೆ ಮನೆ ಕೊಡುವವರು ಯಾರೂ ಇರಲಿಲ್ಲ. ಇಂಗ್ಲಿಷ್ ಪಾಠ ಹೇಳುತ್ತಿದ್ದ ಮೇಡಂ, "ನಮ್ಮನೇಲಿ ಒಂದು ಕೋಣೆ ಸುಮ್ನೆ ಬಿದ್ದಿದೆ ಲಲಿತಾ, ಬಾ" ಎಂದು ಕರೆದುಕೊಂಡು ಹೋದರು.

ಮನೆ ತೆಂಗಿನ ತೋಟದ ಒಳಗಿತ್ತು. ಗಂಡ ಬಿಟ್ಟುಹೋಗಿದ್ದ ಮನೆ, ಗಂಡ ಬಿಟ್ಟುಹೋಗಿದ್ದ ತೋಟ. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಮೇಡಂ ಹಣೆಗೆ ವಿಭೂತಿ ಇಟ್ಟು, ಬಿಳಿ ವಾಯಿಲ್ ಸೀರೆ ಉಟ್ಟು, ಬಿಸಿಲಿರಲಿ ಮೋಡವಿರಲಿ ಗಂಡಸರ ದೊಡ್ಡ ಛತ್ರಿ ಬಿಚ್ಚಿಕೊಂಡೇ ಹೊರಡುತ್ತಿದ್ದರು. ಬೆಲ್ಲದ ಕಾಫಿ, ಖಾರದ ಅವಲಕ್ಕಿ, ಬೆಳಗಿನ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ, ಇಷ್ಟಿದ್ದರೆ ಅವರ ದಿನ ಸಾಗುತ್ತಿತ್ತು. ವಾರ್ತೆ ಓದುವವರು ಎಲ್ಲಾದರೂ ತಪ್ಪಿದರೆ ಒಲೆಯ ಮುಂದಿನಿಂದಲೇ ಜೋರಾಗಿ ತಿದ್ದುತ್ತಿದ್ದರು.

ಅಟ್ಟದ ಮೇಲೆ ಕೊಬ್ಬರಿಗೆಂದು ಒಣಹಾಕಿದ ಕಾಯಿಗಳಿದ್ದವು. ಒಳಗಿನದು ಒಣಗಿ ಚಿಪ್ಪು ಬಿಟ್ಟ ಮೇಲೆ ಕಾಯಿ ಅಲುಗಿದರೆ ಗಡಗಡ ಸದ್ದು ಬರುತ್ತದೆ. ಮಟಮಟ ಮಧ್ಯಾಹ್ನ, ಒಂದು ಗರಿಯೂ ಅಲ್ಲಾಡದೆ ಇರುವಾಗ, ಮೇಲೆ ಒಂದು ಕಾಯಿ ಗಡಗಡ ಎಂದು ಉರುಳಿ ನಿಲ್ಲುತ್ತಿತ್ತು.

"ಇಲಿ ಇರಬೇಕು ಮೇಡಂ" ಎನ್ನುತ್ತಿದ್ದೆ.

"ಇಲಿ ಆಗಿದ್ರೆ ಒಳ್ಳೇದು" ಎಂದು ಅವರು ಕಾಫಿ ಸೋಸುತ್ತಿದ್ದರು.

ಶಾಲೆಯಲ್ಲಿ ಅವರ ತರಗತಿಗೂ ನನ್ನ ತರಗತಿಗೂ ನಡುವೆ ಗೋಡೆ ಇರಲಿಲ್ಲ, ಸೋಗೆಯ ತಡಿಕೆ ಇತ್ತು. ನನ್ನ ಮಕ್ಕಳಿಗೆ ಲೆಕ್ಕ ಕೊಟ್ಟು ಕೂರಿಸಿ ನಾನು ಅವರ ಪಾಠಕ್ಕೆ ಕಿವಿಗೊಡುತ್ತಿದ್ದೆ. ಒಂದು ದಿನ ಹತ್ತನೇ ತರಗತಿಗೆ, ತಾನು ಮಾಡದೆ ಬೇರೆಯವರ ಕೈಲಿ ಮಾಡಿಸಿದ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ ಎನ್ನುವ ಪಾಠ.

"ನಾಗರತ್ನ, ನಿಮ್ಮ ತೋಟದಲ್ಲಿ ಕಾಯಿ ಕೀಳಿಸಿದ್ರಾ?"

"ಕೀಳ್ಸಿದ್ವಿ ಮೇಡಂ."

"ಇಂಗ್ಲಿಷಲ್ಲಿ ಹೇಳು."

"ವಿ ಪ್ಲಕ್ಡ್ ದ ಕೋಕೊನಟ್ಸ್."

"ಹೌದಾ? ಮರ ಹತ್ತಿದ್ಯಾರೇ, ನೀನೋ ನಿಮ್ಮಜ್ಜೀನೋ?"

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮೇಡಂ ಕೈ ಹಿಂದಕ್ಕೆ ಚಾಚಿ ಬರೆದದ್ದು ಸೀಮೆಸುಣ್ಣದ ಸದ್ದಿನಿಂದಲೇ ನನಗೆ ತಿಳಿಯಿತು. "ವಿ ಹ್ಯಾಡ್ ದ ಕೋಕೊನಟ್ಸ್ ಪ್ಲಕ್ಡ್. ಕನ್ನಡದಲ್ಲಿ ನಮಗೆ ಒಂದು 'ಇಸು' ಸಾಕು. ಕೀಳು, ಕೀಳಿಸು. ಕಟ್ಟು, ಕಟ್ಟಿಸು. ಇಂಗ್ಲಿಷಿನವರ ಹತ್ರ ಆ 'ಇಸು' ಇಲ್ಲ, ಪಾಪ. 'ಹ್ಯಾಡ್' ಅಂತ ಮುಂದೆ ಇಟ್ಟು, ಕೆಲಸವನ್ನ ಕೊನೆಗೆ ತಳ್ತಾರೆ. ಕಾಯಿ ಕಿತ್ತ ಕೈ ಈ ವಾಕ್ಯದಲ್ಲಿ ಎಲ್ಲಿದೆ ಹುಡುಕಿ. ಇಲ್ಲ. ಕೀಳು ಅಂತ ಹೇಳಿದ ಬಾಯಿ ಮಾತ್ರ ಇದೆ. ಕೈ ಬೇರೆ, ಬಾಯಿ ಬೇರೆ, ಗೊತ್ತಾಯ್ತಾ?"

ಆಮೇಲೆ ಇನ್ನೊಂದನ್ನು ಬರೆಯುತ್ತಾ ಓದಿದರು. ಶಿ ಹ್ಯಾಡ್ ಹರ್ ಬ್ಯಾಗ್ ಸ್ಟೋಲನ್.

"ಅವಳೇ ಕದಿಸಿದ್ಲಾ ಮೇಡಂ?" ಎಂದಳು ಗೌರಿ. ಪಕ್ಕದ ತೋಟದ ಮಲ್ಲಪ್ಪನವರ ಮಗಳು ಅವಳು, ತರಗತಿಯಲ್ಲಿ ಎಲ್ಲರಿಗಿಂತ ಚುರುಕು.

"ಇಲ್ಲ ಕಣೇ. ಅವಳಿಗೆ ಹಾಗಾಯ್ತು. ಯಾರೋ ಕದ್ದರು, ಅವಳು ಕಳ್ಕೊಂಡಳು."

"ಮಾಡಿಸಿದ್ರೂ ಅದೇ ಮಾತು, ತನಗೇ ಆದ್ರೂ ಅದೇ ಮಾತು. ಹೆಂಗೆ ಮೇಡಂ ಗೊತ್ತಾಗೋದು?"

"ಅವಳ ಮುಖ ನೋಡಬೇಕು" ಎಂದರು ಮೇಡಂ.

ಅಭ್ಯಾಸಕ್ಕೆಂದು ಚಿಕ್ಕ ವಾಕ್ಯಗಳನ್ನು ಕೊಡುತ್ತಾ ಹೋದರು. ಹಿ ಹ್ಯಾಡ್ ಇಟ್ ಡನ್ ಎಂದಾಗ ಹಿಂದಿನ ಬೆಂಚಿನ ಕಡೆಯಿಂದ ಹುಡುಗಿಯೊಬ್ಬಳು, "ಅವನು ಮಾಡಿಸಿದ" ಎಂದಳು. ತಡಿಕೆಯಾಚೆ ನಗು, ಪಿಸುಮಾತು ಎಲ್ಲ ಒಮ್ಮೆಗೇ ನಿಂತುಹೋಯಿತು. ನನ್ನ ತರಗತಿಯ ಮಕ್ಕಳೂ ತಲೆ ಎತ್ತಿದರು. ನಮ್ಮ ಸೀಮೆಯಲ್ಲಿ ಏನನ್ನು ಎಂದು ಹೇಳದೆ ಬರೀ "ಮಾಡಿಸಿದ್ದಾರೆ" ಎಂದರೆ ಅದಕ್ಕೆ ಒಂದೇ ಅರ್ಥ. ಹಸು ಕೆಚ್ಚಲು ಬತ್ತಿಸಿಕೊಂಡರೆ, ಮದುವೆ ಮುರಿದುಬಿದ್ದರೆ, ನಿಂತ ಹಾಗೇ ಮರದ ಸುಳಿ ಒಣಗಿದರೆ, ಯಾರೋ ಮಾಡ್ಸವ್ರೆ ಕಣವ್ವ ಎನ್ನುತ್ತಾರೆ. ಮಾಟ ಎನ್ನುವ ಮಾತನ್ನು ಬಾಯಿಂದ ಆಡುವುದಿಲ್ಲ. ಆಡಿದರೆ ಕೇಳಿಸಿಕೊಂಡು ಬರುತ್ತದಂತೆ.

ಮೇಡಂ ಬೋರ್ಡು ಒರೆಸಿದ ಸದ್ದು ಕೇಳಿಸಿತು. "ಹಿ ಹ್ಯಾಡ್ ದ ರೂಫ್ ರಿಪೇರ್ಡ್" ಎಂದು ಬೇರೆ ವಾಕ್ಯ ಕೊಟ್ಟರು.

ಗೌರಿ ಶಾಲೆ ಬಿಟ್ಟ ಮೇಲೆ ನಮ್ಮ ಮನೆಯಲ್ಲೇ ಇರುತ್ತಿದ್ದಳು. ತಾಯಿ ಇಲ್ಲದ ಹುಡುಗಿ. ಸಾಕಿದವಳು ಅಜ್ಜಿ ನಂಜಮ್ಮ. ಹತ್ತನೇದು ಮುಗಿದ ಮೇಲೆ ತಿಪಟೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಲಿ ಎಂದು ಮೇಡಂ ಮಲ್ಲಪ್ಪನವರಿಗೆ ಹೇಳಿ ಹೇಳಿ ಅರ್ಧ ಒಪ್ಪಿಸಿದ್ದರು. ನಂಜಮ್ಮ ಮಾತ್ರ ಕತ್ತಾಳೆ ಬೇಲಿಯ ಆಚೆ ನಿಂತು ನಮ್ಮ ಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಕರೆದರೆ ಬರುತ್ತಿರಲಿಲ್ಲ. ಮೊಮ್ಮಗಳು ಹೊರಗೆ ಬರುವ ತನಕ ಅಲ್ಲಿಂದ ಕದಲುತ್ತಲೂ ಇರಲಿಲ್ಲ.

ಒಂದು ಬೆಳಗ್ಗೆ ಗೌರಿ ಮಾತಾಡಲಿಲ್ಲ.

ಜ್ವರವಿಲ್ಲ, ಪೆಟ್ಟಿಲ್ಲ. ಎದ್ದಳು, ಮುಖ ತೊಳೆದಳು, ಕೂತಳು. ಏನು ಕೇಳಿದರೂ ಬಾಯಿ ತೆರೆದು ಮುಚ್ಚುತ್ತಿದ್ದಳು, ದನಿ ಹೊರಡುತ್ತಿರಲಿಲ್ಲ. ತುರುವೇಕೆರೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ನಾಲಗೆ ಚೆನ್ನಾಗಿದೆ, ಗಂಟಲು ಚೆನ್ನಾಗಿದೆ, ಹೆದರಿರಬೇಕು ಎಂದು ಹೇಳಿ ಕಳಿಸಿದರು. ವಾರ ಕಳೆದರೂ ಹಾಗೆಯೇ. ಮೇಡಂ ಜೊತೆ ನಾನೂ ನೋಡಲು ಹೋದಾಗ ನಂಜಮ್ಮ ಬಾಗಿಲಿಗೆ ಅಡ್ಡ ನಿಂತು, "ಮಲಗವ್ಳೆ" ಎಂದಳು. ಅವಳ ಹೆಗಲಾಚೆ ಗೌರಿ ಕಣ್ಣು ಬಿಟ್ಟುಕೊಂಡು ಕೂತಿದ್ದುದು ನಮಗಿಬ್ಬರಿಗೂ ಕಾಣುತ್ತಿತ್ತು.

ಅದೇ ಸುಮಾರಿಗೆ ಕಾಯಿ ಕೀಳಲು ಬಂದವನು ಅದನ್ನು ಕಂಡ. ಎರಡು ತೋಟಗಳ ನಡುವಿನ ಬೇಲಿಗೆ ಅಂಟಿಕೊಂಡು, ಆದರೆ ಮೇಡಂ ಕಡೆಗೆ ಸೇರಿದ ಒಂದು ಮರದಲ್ಲಿ, ಕೈಗೆಟುಕುವ ಎತ್ತರದಲ್ಲಿ ಒಂದು ಕಾಯಿ ತೂಗುತ್ತಿತ್ತು. ಸಿಪ್ಪೆ ಸುಲಿದ ಕಾಯಿ. ಮೈ ತುಂಬ ಮೊಳೆ ಹೊಡೆದು ಕಪ್ಪು ದಾರ ಸುತ್ತಿದ್ದರು. ದಾರದ ಜೊತೆ ಉದ್ದನೆಯ ತಲೆಕೂದಲು. ಅವನು ಮರ ಹತ್ತದೆ ಹಾಗೇ ಓಡಿಹೋದ. ಆ ದಿನದಿಂದ ಆ ಕಡೆ ತೋಟದಲ್ಲಿ ಯಾರೂ ಕಾಲಿಡಲಿಲ್ಲ. ಗಾಳಿ ಬಂದರೆ ಕಾಯಿ ನಿಧಾನವಾಗಿ ತಿರುಗುವುದು ನನ್ನ ಕೋಣೆಯ ಕಿಟಕಿಯಿಂದ ಕಾಣುತ್ತಿತ್ತು. ಗಾಳಿ ನಿಂತ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಿತ್ತು. ನಾನು ಕಿಟಕಿ ಮುಚ್ಚಿದೆ.

ಊರಿಗೆ ಹೆಚ್ಚು ಯೋಚಿಸುವ ಅಗತ್ಯ ಬೀಳಲಿಲ್ಲ. ಗಂಡನಿಲ್ಲದ ಹೆಂಗಸು, ಒಂಟಿ ಮನೆ, ಹುಡುಗಿ ದಿನವೂ ಹೋಗುತ್ತಿದ್ದದ್ದು ಅಲ್ಲಿಗೇ, ಕಾಯಿ ಸಿಕ್ಕಿದ್ದು ಅವಳ ಮರದಲ್ಲೇ. ಶಾಲೆಯಲ್ಲಿ ಮಕ್ಕಳು ಮೇಡಂ ಮುಟ್ಟಿದ ಪುಸ್ತಕವನ್ನು ವಾಪಸು ತೆಗೆದುಕೊಳ್ಳಲು ಹಿಂಜರಿದರು. ಹಾಲು ಕೊಡುತ್ತಿದ್ದವಳು ಬರುವುದನ್ನು ನಿಲ್ಲಿಸಿದಳು. ಮಲ್ಲಪ್ಪ ಎಲ್ಲಿಂದಲೋ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅವನು ದೂರದಿಂದಲೇ ಕಾಯಿ ನೋಡಿ, ಮಾಡಿಸಿದವರೇ ತಮ್ಮ ಕೈಯಾರೆ ಇಳಿಸಿದರೆ ಮಾತು ಬರುತ್ತದೆ, ಇಲ್ಲವಾದರೆ ಇಲ್ಲ ಎಂದನಂತೆ.

ಭಾನುವಾರ ಮಧ್ಯಾಹ್ನ ಮಲ್ಲಪ್ಪ ನಮ್ಮ ಅಂಗಳಕ್ಕೆ ಬಂದರು. ಕೆಟ್ಟ ಮನುಷ್ಯರಲ್ಲ. ಕಣ್ಣು ಕೆಂಪಾಗಿತ್ತು.

"ಮೇಡಂ, ತೆಪ್ಪು ತಿಳ್ಕಬ್ಯಾಡಿ. ನಾನೇನೂ ಅಂತಿಲ್ಲ. ಜನ ಅಂತಾವ್ರೆ. ಒಂದ್ಸಲ ಆ ಮರದ ತಾವ ಬಂದೋಗಿ. ಇರೋಳು ಒಬ್ಳು ಮಗಳು ಕಣ್ರೀ."

ನಾನು ಮೇಡಂ ಕೈ ಹಿಡಿದುಕೊಂಡು ಒಳಕ್ಕೆ ಎಳೆದೆ. "ಹೋಗ್ಬೇಡಿ. ನೀವು ಇಳಿಸಿದ್ರೆ ನೀವೇ ಮಾಡಿಸಿದ್ದು ಅಂತ ಆಗುತ್ತೆ."

"ಇಳಿಸದೆ ಇದ್ರೆ?"

"ಆಗಲೂ ಅಂತಾರೆ. ಆದ್ರೆ..."

"ಹುಡುಗಿ ಹೆದರ್ಕೊಂಡಿದ್ದಾಳೆ ಲಲಿತಾ. ಆ ಕಾಯಿ ಅಲ್ಲಿ ಇರೋ ತನಕ ಬಾಯಿ ಬಿಡಲ್ಲ ಅವಳು. ಯಾರಾದ್ರೂ ಇಳಿಸ್ಲೇಬೇಕು. ಇಲ್ಲಿ ಇನ್ಯಾರು ಮುಟ್ತಾರೆ ಹೇಳು." ಅಡುಗೆಮನೆಯಿಂದ ಕುಡುಗೋಲು ತೆಗೆದುಕೊಂಡು, ಛತ್ರಿ ಬಿಚ್ಚಿಕೊಂಡು ಹೊರಟೇಬಿಟ್ಟರು.

ಬೇಲಿಯ ಆಚೆ ಊರಿನ ಹತ್ತಾರು ಜನ. ಮಂತ್ರವಾದಿ ಕಣ್ಣು ಮುಚ್ಚಿ ಕೂತಿದ್ದ. ಗೌರಿ ಅಜ್ಜಿಯ ಪಕ್ಕ ಚಾಪೆಯ ಮೇಲಿದ್ದಳು, ಮುಖ ಬಿಳುಚಿಕೊಂಡಿತ್ತು. ಮೇಡಂ ಛತ್ರಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ದಾರ ಕೊಯ್ದು ಕಾಯಿಯನ್ನು ಎಡಗೈಯಲ್ಲಿ ಹಿಡಿದರು. ಅಲ್ಲಿಗೆ ಮುಗಿಸಬಹುದಿತ್ತು. ಅವರು ಕಾಯಿಯನ್ನು ಕಲ್ಲಿನ ಮೇಲೆ ಇಟ್ಟು ಕುಡುಗೋಲಿನ ಹಿಂಬದಿಯಿಂದ ಒಡೆದರು. ಒಳಗಿನಿಂದ ಮೊಳೆಯ ತುಕ್ಕು ಬೆರೆತ ಕಪ್ಪು ನೀರು ಚೆಲ್ಲಿತು. ಹುಳಿ ನಾತ ನಾನು ನಿಂತಲ್ಲಿಗೂ ಬಂತು. ಮೇಡಂ ಒಂದು ಚೂರು ಕೆತ್ತಿ ಬಾಯಿಗೆ ಹಾಕಿಕೊಂಡು, ಎಲ್ಲರೂ ನೋಡುತ್ತಿರುವ ಹಾಗೇ ಅಗಿದು ನುಂಗಿದರು.

"ಕಾಯಿ ಕಣಪ್ಪ ಇದು" ಎಂದರು. "ಬರೀ ಕಾಯಿ."

ಹೆಂಗಸರು ಹಿಂದೆ ಸರಿದರು. ಆಗ ಚಾಪೆಯ ಮೇಲಿಂದ ದನಿ ಬಂತು. ತುಂಬ ದಿನ ನೀರು ಸೇದದ ರಾಟೆಯ ದನಿ.

"ಮೈ ಗ್ರ್ಯಾಂಡ್‌ಮದರ್ ಹ್ಯಾಡ್ ಇಟ್ ಡನ್, ಮೇಡಂ."

ಅಲ್ಲಿದ್ದವರಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಮೇಡಂಗೆ, ನನಗೆ, ಗೌರಿಗೆ. ಇದನ್ನು ಮಾಡಿಸಿದ್ದು ನನ್ನ ಅಜ್ಜಿ ಎಂದು ಹುಡುಗಿ ಅಜ್ಜಿಯ ತೊಡೆಗೆ ತೊಡೆ ತಾಗಿಸಿ ಕೂತುಕೊಂಡೇ ಹೇಳಿದ್ದಳು. ಮೇಡಂ ಮುಖ ನೋಡಿದೆ. ಆಣೆ ಮಾಡಿ ಹೇಳುತ್ತೇನೆ, ಅಂಥ ಗಳಿಗೆಯಲ್ಲೂ ವಾಕ್ಯ ಸರಿಯಾಗಿದೆ ಎನ್ನುವ ಹಾಗೆ ಅವರ ತಲೆ ಒಂದು ಸಲ ಆಡಿತು.

ಮಲ್ಲಪ್ಪ ಓಡಿಬಂದು ಮಗಳ ಭುಜ ಹಿಡಿದುಕೊಂಡರು. "ಏನಂದ್ಲು? ಮೇಡಂ, ಏನಂದ್ಲು ನನ್ ಮಗ್ಳು? ಮದರ್ ಅಂದ್ಲಲ್ವಾ?"

ಮೇಡಂ ನಂಜಮ್ಮನನ್ನು ನೋಡಿದರು. ನಂಜಮ್ಮ ಮೇಡಂ ಅನ್ನು ನೋಡಿದಳು. ಮುದುಕಿಗೆ ಒಂದು ಅಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಅವಳು ಮೊಮ್ಮಗಳಿಂದ ತುಸು ದೂರ ಸರಿದು ಕೂತಳು.

"ಹೂಂ" ಎಂದರು ಮೇಡಂ. "ಅವರಮ್ಮನ್ನ ನೆನೆಸ್ಕೊಂಡ್ಲು. ಹಸಿವಾಗಿದೆ ಅಂತಾಳೆ. ಕರ್ಕೊಂಡೋಗಿ ಊಟಕ್ಕಿಕ್ಕಿ."

ಮಂತ್ರವಾದಿ ಕಣ್ಣು ತೆರೆದು, "ನೋಡಿದ್ರಾ?" ಎಂದ. ಎಲ್ಲರೂ ನೋಡಿದ್ದರು. ಮಾಡಿಸಿದವರು ಇಳಿಸಿದ್ದರು, ಮಾತು ಬಂದಿತ್ತು. ಯಾರೂ ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಮೇಡಂ ನಡೆದು ಹೋಗಲು ಅಗತ್ಯಕ್ಕಿಂತ ಹೆಚ್ಚು ದಾರಿ ಬಿಟ್ಟುಕೊಟ್ಟರು, ಅಷ್ಟೆ.

ಮನೆಗೆ ಬಂದು ನಾನು ಅತ್ತು ಕೂಗಾಡಿದೆ. ಯಾಕೆ ನಿಜ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಮಲ್ಲಪ್ಪ ತಾಯೀನ ಆಚೆಗೆ ಹಾಕ್ತಿದ್ದ" ಎಂದರು ಬಾಯಿ ಮುಕ್ಕಳಿಸುತ್ತಾ. "ಅಮ್ಮ ಇಲ್ಲದ ಹುಡುಗಿಗೆ ಅಜ್ಜಿಯೂ ಇಲ್ಲ ಅಂತಾಗ್ತಿತ್ತು. ಆ ಮುದುಕಿಗೆ ಮೊಮ್ಮಗಳು ದೂರ ಹೋಗ್ತಾಳೆ ಅಂತ ಸಂಕಟ ಕಣೇ. ನಂದೇನು, ವರ್ಗ ಮಾಡಿಸ್ಕೊಂಡ್ರೆ ಆಯ್ತು."

ಮರುದಿನ ನಂಜಮ್ಮ ಬಂದಳು. ಮೊದಲ ಸಲ ಬೇಲಿ ದಾಟಿ, ಜಗಲಿಯ ಕೆಳಗೆ ನಿಂತಳು.

"ನಿಂಗೆ ಗೊತ್ತಾಯ್ತು ಅಲ್ವೇನವ್ವ?"

"ಗೊತ್ತಾಯ್ತು."

"ನನ್ ಮಗನ್ಗೆ ಹೇಳ್ತೀಯ?"

"ಹೇಳಲ್ಲ."

ನಂಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಊರು ಬುಟ್ಟೋಗ್ಲಿ ಅಂತ ಮಾಡ್ಸಿದ್ದು ಕಣವ್ವ. ಅಷ್ಟೇಯ. ನೀನೋದ್ರೆ ಮಗು ನಂತಾವೇ ಇರ್ತದೆ ಅಂತ. ಮಗೀನ ಮಾತು ಯಾಕೋಯ್ತೋ ನಂಗೆ ತಿಳೀದು. ಅದ್ನ ನಾನು ಕೇಳಿರ್ನಿಲ್ಲ." ಆಮೇಲೆ ದನಿ ತಗ್ಗಿಸಿ, "ಅದ್ನ ತಿಂದ್ಯಲ್ಲ, ಯಾಕವ್ವ ತಿಂದೆ?" ಎಂದಳು.

ಮೇಡಂ ನಗಲು ನೋಡಿದರು. ನಂಜಮ್ಮ ನಗಲಿಲ್ಲ.

ಗೌರಿ ಹತ್ತನೇದು ಚೆನ್ನಾಗಿ ಪಾಸಾದಳು. ಮಗನ ಮುಂದೆ ಹಟ ಹಿಡಿದು ಅವಳನ್ನು ತಿಪಟೂರಿನ ಕಾಲೇಜಿಗೆ ಸೇರಿಸಿದವಳು ನಂಜಮ್ಮನೇ. ಯಾಕೆ ತಾಯಿಯ ಮನಸ್ಸು ಬದಲಾಯಿತು ಎಂದು ಮಲ್ಲಪ್ಪನವರಿಗೆ ಯಾವತ್ತೂ ತಿಳಿಯಲಿಲ್ಲ. ಮೇಡಂ ಅಷ್ಟರಲ್ಲಿ ತೋಟವನ್ನು ಗುತ್ತಿಗೆಗೆ ಕೊಟ್ಟು, ತಿಪಟೂರಿನ ಒಂದು ಶಾಲೆಗೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ನಂಜಮ್ಮ ಮಾಡಿಸಿದ್ದು ಅವರು ಊರು ಬಿಡಲಿ ಎಂದು. ಅವರು ಊರು ಬಿಟ್ಟರು. ಆಗ ನನಗೆ ಇದು ಹೊಳೆಯಲಿಲ್ಲ. ಹೊಳೆದ ದಿನ ಯಾರ ಹತ್ತಿರವೂ ಹೇಳಲಿಲ್ಲ.

ತಿಪಟೂರಿಗೆ ಹೋದ ಕೆಲವೇ ತಿಂಗಳಲ್ಲಿ ಅವರ ದನಿ ಒಡೆಯತೊಡಗಿತು. ಮೊದಲು ನೆಗಡಿ ಎಂದರು, ಆಮೇಲೆ ಸೀಮೆಸುಣ್ಣದ ಧೂಳು ಎಂದರು. ದನಿ ಗೊಗ್ಗರಾಗಿ, ಪಿಸುಮಾತಾಗಿ, ಒಂದು ದಿನ ಅದೂ ಇಲ್ಲವಾಯಿತು. ಬೆಂಗಳೂರಿಗೂ ಹೋಗಿ ತೋರಿಸಿದರು. ಗಂಟಲಲ್ಲಿ ಏನೂ ಇಲ್ಲ ಎಂದರಂತೆ. ಮಾತಿಲ್ಲದೆ ಪಾಠ ಹೇಳುವುದು ಹೇಗೆ? ರಜೆ ಹಾಕಿದರು, ರಜೆ ಮುಗಿದ ಮೇಲೆ ಕೆಲಸ ಬಿಟ್ಟರು.

ನಾನು ಕೊನೆಯ ಸಲ ನೋಡಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಬೇಸಿಗೆಯ ಮಧ್ಯಾಹ್ನ. ಗೌರಿ ನನ್ನನ್ನು ಕರೆದುಕೊಂಡು ಹೋದಳು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಹಿತ್ತಲಲ್ಲಿ ಎರಡು ಮೂರು ತೆಂಗಿನ ಮರವಿದ್ದ ಚಿಕ್ಕ ಮನೆ. ದಾರಿಯಲ್ಲಿ ಅವಳನ್ನು ಕೇಳಿದೆ, ಆ ದಿನಗಳಲ್ಲಿ ಮಾತಾಡಬೇಡ ಎಂದು ಅಜ್ಜಿ ಹೆದರಿಸಿದ್ದಳಾ ಎಂದು.

"ಇಲ್ಲ ಟೀಚರ್. ಅಜ್ಜಿ ಯಾರ ಕೈಲೋ ಕಾಯಿ ಕಟ್ಟಿಸ್ತಿದ್ದದ್ದು ನೋಡ್ದೆ. ಅಷ್ಟೆ. ಯಾರೂ ಏನೂ ಅನ್ಲಿಲ್ಲ. ಬೆಳಗ್ಗೆ ಎದ್ರೆ ಮಾತೇ ಇರ್ಲಿಲ್ಲ. ಕನ್ನಡದಲ್ಲಿ ಒಂದು ಮಾತೂ ಸಿಗ್ತಿರ್ಲಿಲ್ಲ. ಅವತ್ತು ಮೇಡಂ ಅದನ್ನ ತಿಂದಾಗ ಇಂಗ್ಲಿಷಲ್ಲಿ ಬಂತು. ನಾನು ಹೇಳ್ದೆ ಅಂತಲೂ ಅನ್ನಿಸ್ಲಿಲ್ಲ. ಯಾರೋ ಹೇಳಿಸಿದ ಹಾಗಿತ್ತು."

ಮೇಡಂ ಬಹಳ ಇಳಿದುಹೋಗಿದ್ದರು, ಆದರೆ ಕಣ್ಣು ಹಾಗೇ ಇತ್ತು. ನಮ್ಮನ್ನು ಕೂರಿಸಿ ತಾವೇ ಕಾಫಿ ಮಾಡಿ ತಂದರು. ನಾವಿಬ್ಬರೂ ಮಾತಾಡುತ್ತಾ ಹೋದೆವು. ಅವರು ತಲೆದೂಗುತ್ತಾ, ನಗುತ್ತಾ, ಗೌರಿ ಒಂದು ಕಡೆ ಇಂಗ್ಲಿಷ್ ತಪ್ಪಿದಾಗ ಬೆರಳೆತ್ತಿ ತಡೆಯುತ್ತಾ ಕೂತಿದ್ದರು. ನಾನು ಧೈರ್ಯ ಮಾಡಿ, ಆ ಕಾಯಿ ತಿಂದದ್ದರಿಂದಲೇ ಹೀಗಾಯಿತು ಎಂದು ನಿಮಗೆ ಅನ್ನಿಸುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದರು. ಆಮೇಲೆ ಗೌರಿಯ ಕೆನ್ನೆಯನ್ನು ಒಮ್ಮೆ ಸವರಿ, ಹಾಗೇ ಆಗಿದ್ದರೂ ಏನಂತೆ ಎನ್ನುವ ಹಾಗೆ ಕೈ ತಿರುಗಿಸಿದರು.

ಹೊರಡುವಾಗ ಅವರು ಬಾಗಿಲವರೆಗೆ ಬಂದು ಹೊಸ್ತಿಲ ಒಳಗೆ ನಿಂತರು. ನಾವು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದೆವು. ಬಿಸಿಲಿಗೆ ಬೀದಿಯಲ್ಲಿ ಒಂದು ನಾಯಿ ಕೂಡ ಇರಲಿಲ್ಲ.

"ಗೌರೀ."

ಹಳೆಯ ದನಿ. ತಡಿಕೆಯಾಚೆಯಿಂದ ನಾನು ದಿನವೂ ಕೇಳುತ್ತಿದ್ದ, ತುಂಬಿದ, ಒಡಕಿಲ್ಲದ ದನಿ.

"ಬಂದೆ ಮೇಡಂ" ಎಂದು ಗೌರಿ ಥಟ್ಟನೆ ತಿರುಗಿದಳು. ನಾನೂ ತಿರುಗಿದೆ. ಮೇಡಂ ಹೊಸ್ತಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು. ದನಿ ಬಂದದ್ದು ಹಿತ್ತಲ ಕಡೆಯಿಂದ, ಮರಗಳ ಕಡೆಯಿಂದ. ಅವರೂ ಕೇಳಿಸಿಕೊಂಡಿದ್ದರು. ಕರೆದವರು ಯಾರು ಎಂದು ಅವರೂ ಮೆಲ್ಲನೆ ಆ ಕಡೆ ಮುಖ ತಿರುಗಿಸಿ ನೋಡುತ್ತಿದ್ದರು.